ಅರ್ಧ ಮನೆಯ ಮೆರವಣಿಗೆ

ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿದ್ದಾಗ ಒಂದು ದಿನ ಹೆದ್ದಾರಿಯಲ್ಲಿ ಅರ್ಧ ಮನೆಯನ್ನು ಕಂಡೆ. ಲಾರಿಯ ಮೇಲೆ ಕಿಟಕಿ, ಸೂರು, ಮುಂಬಾಗಿಲು ಎಲ್ಲವೂ ಇದ್ದವು. ತೆರೆದ ಮಗ್ಗುಲಿಗೆ ಪ್ಲಾಸ್ಟಿಕ್ ಹೊದಿಸಿದ್ದರು. ಉಳಿದರ್ಧ ಹಿಂದಿನ ಲಾರಿಯಲ್ಲಿ ಬರುತ್ತಿತ್ತು. "ಕಾರ್ಖಾನೆಯಲ್ಲಿ ಮಾಡಿದ ಮನೆ ಅಮ್ಮಾ, ಸೈಟಿಗೆ ತಂದು ಜೋಡಿಸ್ತಾರೆ" ಎಂದಳು ಮಗಳು. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಕೇಳಿ ಬೆಳೆದ ನನಗೆ ನಗು ಬಂತು. ಆಮೇಲೆ ಗಾಬರಿಯೂ ಆಯಿತು. ಮುಚ್ಚಿದ ಗೋಡೆಯೊಳಗಿನ ವೈರು, ಪೈಪು ಸರಿಯಾಗಿವೆಯೇ ಎಂದು ನೋಡುವವರು ಯಾರು?

ಈ ಪ್ರಶ್ನೆ ಅಲ್ಲಿನವರಿಗೂ ಹಳೆಯದೇ. ಕಾರ್ಖಾನೆ ಒಂದೆಡೆ, ಮನೆ ನಿಲ್ಲುವುದು ಇನ್ನೊಂದೆಡೆ. ಊರಿನ ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಗೋಡೆ ಮುಚ್ಚಿಯಾಗಿರುತ್ತದೆ. ಅದಕ್ಕೇ 1969ರಲ್ಲಿ ಕ್ಯಾಲಿಫೋರ್ನಿಯ ಒಂದು ಕಾನೂನು ಮಾಡಿ ಕೆಲಸವನ್ನು ಹಂಚಿತು. ನಕ್ಷೆಗೆ ಒಪ್ಪಿಗೆ, ಕಾರ್ಖಾನೆಯಲ್ಲೇ ತಪಾಸಣೆ, ಕೊನೆಗೊಂದು ಮುದ್ರೆ, ಇವು ರಾಜ್ಯದ ಪಾಲು. ಸೈಟಿನಲ್ಲಿ ಮನೆ ಕೂರಿಸುವ ಕೆಲಸದ ಪರಿಶೀಲನೆ, ಸುತ್ತ ಬಿಡಬೇಕಾದ ಜಾಗ, ಯಾವ ಬಡಾವಣೆಯಲ್ಲಿ ಏನು ಬರಬಹುದು ಎಂಬುದು ಊರಿನ ಪಾಲು. ಗಾಲಿ ಕೂರಿಸಿದ ಚೌಕಟ್ಟಿನ ಮೇಲೆಯೇ ಕಟ್ಟುವ 'ಮೊಬೈಲ್ ಹೋಮ್'ಗಳಿಗೆ 1974ರಲ್ಲಿ ಅಮೆರಿಕದ ಕಾಂಗ್ರೆಸ್ ಬೇರೆಯೇ ಕಾನೂನು ತಂದಿತು. 1976ರ ಜೂನ್ 15ರಿಂದ ಅವಕ್ಕೆ ದೇಶಕ್ಕೆಲ್ಲ ಒಂದೇ ಗುಣಮಟ್ಟ.

ಮನೆಯೇನೋ ಭದ್ರವಾಯಿತು, ನಿಲ್ಲಲು ನೆಲ ಬೇಕಲ್ಲ! ಇಂಥ ಅಗ್ಗದ ಮನೆ ಪಕ್ಕಕ್ಕೆ ಬಂದರೆ ತಮ್ಮ ಮನೆಯ ಬೆಲೆ ಇಳಿದೀತೆಂಬ ಭಯ ನೆರೆಯವರದು. ಮನೆಯ ಗುಣಮಟ್ಟವನ್ನು ಪ್ರಶ್ನಿಸಲಾಗದ ಊರುಗಳು 'ಈ ಬಡಾವಣೆಗೆ ಬೇಡ' ಎನ್ನಬಹುದಿತ್ತು. ಎಷ್ಟೋ ಊರುಗಳು ಹಾಗೆಯೇ ಅಂದವು. ಕಡಿಮೆ ಆದಾಯದವರು ಊರಾಚೆ ಉಳಿದರು. 1980ರಲ್ಲಿ ಕ್ಯಾಲಿಫೋರ್ನಿಯ ಮತ್ತೊಂದು ಕಾನೂನು ತಂದಿತು. ರಾಷ್ಟ್ರೀಯ ಗುಣಮಟ್ಟದ ಮನೆಯನ್ನು ಕಾಯಂ ತಳಪಾಯದ ಮೇಲೆ ನಿಲ್ಲಿಸಿದರೆ, ಒಂಟಿ ಮನೆಗಳ ಬಡಾವಣೆಯಿಂದ ಅದನ್ನು ಹೊರಗಿಡುವಂತಿಲ್ಲ. ಚಾವಣಿ ಹೇಗಿರಬೇಕು, ಹೊರಗೋಡೆಯ ಹೊದಿಕೆ ಯಾವುದಿರಬೇಕು ಎಂದು ಊರು ಹೇಳಬಹುದು, ಬರಲೇಬೇಡ ಎನ್ನುವಂತಿಲ್ಲ.

ಇದನ್ನು ತಿಳಿದಾಗ ನನಗೆ ಮದುವೆಯಾದ ಹೊಸತರಲ್ಲಿ ಬಾಡಿಗೆ ಮನೆಗಾಗಿ ಅಲೆದದ್ದು ನೆನಪಾಯಿತು. ಸಂಬಳ ಎಷ್ಟೆಂದು ಒಬ್ಬರೂ ಕೇಳಲಿಲ್ಲ. "ನೀವು ಯಾವ ಜನ?" ಎಂದೇ ಎಲ್ಲರೂ ಕೇಳಿದರು. ಅಡ್ವಾನ್ಸ್ ಕೈಯಲ್ಲಿ ಹಿಡಿದುಕೊಂಡೇ ಏಳು ಮೆಟ್ಟಿಲು ಇಳಿದು ಬಂದೆವು. ಅಲ್ಲಿ ನಿಯಮ ಕಾಗದದ ಮೇಲಿತ್ತು, ತಿದ್ದಲು ಸಾಧ್ಯವಾಯಿತು. ನಮ್ಮನ್ನು ಹೊರಗಿಟ್ಟ ನಿಯಮವನ್ನು ಯಾರೂ ಎಲ್ಲೂ ಬರೆದಿರಲಿಲ್ಲ.