ಕ್ರೀಡಾಲಾಂಛನವೂ ಸಂಪ್ರದಾಯದ ಪ್ರಾಮಾಣ್ಯವೂ

ಸಂಪ್ರದಾಯವೆಂಬ ಮಾತಿಗೆ ಪ್ರಾಚೀನತೆಯ ಗೌರವವು ತಾನಾಗಿಯೇ ಸಲ್ಲುವುದುಂಟು. ಆದರೆ ಅದರ ವಯಸ್ಸೆಷ್ಟು, ಅದನ್ನು ಕಟ್ಟಿದವರಾರು ಎಂಬುದನ್ನು ವಿಚಾರಿಸದೆ ಆ ಗೌರವವನ್ನು ಒಪ್ಪಲಾಗದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಇಲಿನಾಯ್ ವಿಶ್ವವಿದ್ಯಾನಿಲಯದ ‘ಚೀಫ್ ಇಲಿನಿವೆಕ್’ ಎಂಬ ಕ್ರೀಡಾಲಾಂಛನದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

1926ನೆಯ ಅಕ್ಟೋಬರ್ 30ರಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದೊಡನೆ ನಡೆದ ಫುಟ್ಬಾಲ್ ಪಂದ್ಯದ ವಿರಾಮದಲ್ಲಿ, ಲೆಸ್ಟರ್ ಲ್ಯೂಟ್ವೈಲರ್ ಎಂಬ ವಿದ್ಯಾರ್ಥಿಯು ಮೂಲನಿವಾಸಿ ಮುಖಂಡನ ವೇಷದಲ್ಲಿ ಕುಣಿದನು. ಇದು ವಾದ್ಯಮೇಳದ ಸಹಾಯಕ ನಿರ್ದೇಶಕ ರೇ ಡ್ವೊರಾಕನ ಕಲ್ಪನೆ. ಪ್ರತಿಸ್ಪರ್ಧಿಗಳೆದುರು ಒಂದು ದಿನ ತೋರಿದ ವಿನೋದವು ಕ್ರಮೇಣ ಪಂದ್ಯಗಳ ವಿಧಿಯೇ ಆಯಿತು. ಪ್ರೇಕ್ಷಕರು ಎದ್ದುನಿಂತು ಭಕ್ತಿಯಿಂದ ನೋಡುತ್ತಿದ್ದರು; ಇದು ಮೂಲನಿವಾಸಿಗಳಿಗೆ ಸಲ್ಲಿಸುವ ಗೌರವವೆಂದೇ ಅನೇಕ ಹಳೆಯ ವಿದ್ಯಾರ್ಥಿಗಳು ನಂಬಿದ್ದರು.

ಇಲಿನಿವೆಕ್ ಎಂಬುದು ವಸ್ತುತಃ ವ್ಯಕ್ತಿಯ ಹೆಸರಲ್ಲ, ಅಲ್ಗಾಂಕಿಯನ್ ಭಾಷಾವರ್ಗಕ್ಕೆ ಸೇರಿದ ಕುಲಸಮೂಹದ ಹೆಸರು. ಆದರೆ 1982ರಿಂದ ವೇಷಧಾರಿಯು ತೊಟ್ಟ ಉಡುಪು ಲಕೋಟಾ ಜನರದು. ಅವರ ನುಡಿಯೂ ನಾಡೂ ಬೇರೆ. ಇಲಿನಾಯ್ ಕುಲಗಳ ವಂಶಸ್ಥರಾದ ಪಿಯೋರಿಯಾ ಜನರು 1832ರ ಒಪ್ಪಂದದಿಂದ ಆ ಸೀಮೆಯ ಮೇಲಣ ಹಕ್ಕನ್ನು ಕಳೆದುಕೊಂಡು, 1867ರ ಇನ್ನೊಂದು ಒಪ್ಪಂದದಂತೆ ಇಂದಿನ ಓಕ್ಲಹೋಮಾಕ್ಕೆ ತೆರಳಿದರು. ವಿಶ್ವವಿದ್ಯಾನಿಲಯವು ಸ್ಥಾಪಿತವಾದದ್ದೂ ಅದೇ 1867ರಲ್ಲಿ. ಊರು ಬಿಟ್ಟವರ ಹೆಸರು ಉಳಿಯಿತು. ಅವರ ರೂಪವನ್ನು ಮಾತ್ರ ಬೇರೆಯವರಿಂದ ಎರವಲು ತರಲಾಯಿತು.

1989ರಲ್ಲಿ ಸ್ಪೋಕೇನ್ ಕುಲದ ವಿದ್ಯಾರ್ಥಿನಿ ಶಾರ್ಲೀನ್ ಟೀಟರ್ಸ್ ಕ್ರೀಡಾಂಗಣದ ಹೊರಗೆ ಏಕಾಂಗಿಯಾಗಿ ನಿಂತು ಈ ಲಾಂಛನವನ್ನು ಪ್ರತಿಭಟಿಸಿದಳು. 2000ದಲ್ಲಿ ಪಿಯೋರಿಯಾ ಕುಲದವರೇ ಅದನ್ನು ಕೈಬಿಡಬೇಕೆಂದು ನಿರ್ಣಯಿಸಿದರು. 2005ರಲ್ಲಿ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘವು ಇಂತಹ ಲಾಂಛನಗಳನ್ನು ತನ್ನ ಚಾಂಪಿಯನ್ ಪಂದ್ಯಗಳಿಂದ ನಿರ್ಬಂಧಿಸಿತು. 2007ನೆಯ ಫೆಬ್ರುವರಿ 21ರಂದು, ಮಿಷಿಗನ್ ವಿಶ್ವವಿದ್ಯಾನಿಲಯದೊಡನೆ ನಡೆದ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ, ಕಡೆಯ ಕುಣಿತವಾಯಿತು.

ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾನಿಲಯದ ಸಂಗತಿಯನ್ನು ಇದರೊಡನೆ ಹೋಲಿಸಬಹುದು. ಅಲ್ಲಿ ಸೆಮಿನೋಲ್ ವೀರ ಓಸಿಯೋಲನ ವೇಷವು ಕುದುರೆಯೇರಿ ಬರತೊಡಗಿದ್ದು 1978ರಲ್ಲಿ. ಇಲಿನಾಯ್ ಲಾಂಛನಕ್ಕಿಂತ ಐವತ್ತೆರಡು ವರ್ಷ ಕಿರಿದು. ಆದರೂ ಫ್ಲಾರಿಡಾದ ಸೆಮಿನೋಲ್ ಕುಲವು 2005ರಲ್ಲಿ ಬೆಂಬಲವನ್ನು ಸೂಚಿಸಿದುದರಿಂದ ಅದಕ್ಕೆ ವಿನಾಯಿತಿ ದೊರೆಯಿತು. ಕಿರಿಯದು ಉಳಿದು ಹಿರಿಯದು ಅಳಿದುದನ್ನು ನೋಡಿದರೆ, ಇಂತಹ ಸಂಪ್ರದಾಯದ ಪ್ರಾಮಾಣ್ಯವು ಅದು ಯಾರ ಹೆಸರಿನಲ್ಲಿ ನಡೆಯುತ್ತದೆಯೋ ಅವರ ಸಮ್ಮತಿಯಲ್ಲಿದೆಯೆಂಬುದು ವ್ಯಕ್ತವಾಗುತ್ತದೆ.