ಹಳೆ ಸರ್ವರ್‌ನಿಂದ ಹೊಸ ಸರ್ವರ್‌ಗೆ ನೆಟ್‌ವರ್ಕ್ ಪಾಲಿಸಿ ಸಾಗಿಸುವ ಕ್ರಮ

ಶಾಲೆ, ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ನಮ್ಮ ಸದಸ್ಯರಿಗಾಗಿ ಈ ಮಾಹಿತಿ. ವಿಂಡೋಸ್ ಸರ್ವರ್ 2012 ಆರ್2ಗೆ ಉಚಿತ ಸುರಕ್ಷತಾ ಅಪ್‌ಡೇಟ್ 2023ರ ಅಕ್ಟೋಬರ್ 10ಕ್ಕೆ ನಿಂತಿದೆ. 2016ರ ಆವೃತ್ತಿಗೆ ಗಡುವು 2027ರ ಜನವರಿ 12.

ವೈಫೈ ಅಥವಾ ವಿಪಿಎನ್‌ಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವುದು ನೆಟ್‌ವರ್ಕ್ ಪಾಲಿಸಿ ಸರ್ವರ್, ಅಂದರೆ ಎನ್‌ಪಿಎಸ್. ಇದು ಮೈಕ್ರೋಸಾಫ್ಟ್‌ನ ರೇಡಿಯಸ್ ಸರ್ವರ್. 2003ರ ಆವೃತ್ತಿಯವರೆಗೆ ಇದರ ಹೆಸರು ಐಎಎಸ್ ಎಂದಿತ್ತು. ಇದು ನಿಂತರೆ ಇಡೀ ಕಚೇರಿಯ ಲಾಗಿನ್ ನಿಲ್ಲುತ್ತದೆ. ಆದ್ದರಿಂದ ರಜೆಯ ದಿನ ನೋಡಿ ಈ ಕೆಲಸಕ್ಕೆ ಕೈಹಾಕುವುದು ಒಳ್ಳೆಯದು.

ಮಾಡಬೇಕಾದ ಕ್ರಮ:

1. ಹಳೆ ಸರ್ವರ್‌ನ ಎನ್‌ಪಿಎಸ್ ಕನ್ಸೋಲಿನಲ್ಲಿ ಮೇಲಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಎಕ್ಸ್‌ಪೋರ್ಟ್ ಕಾನ್ಫಿಗರೇಶನ್' ಆರಿಸಿ. ಒಂದು ಎಕ್ಸ್‌ಎಂಎಲ್ ಫೈಲ್ ಸಿಗುತ್ತದೆ.
2. ಹೊಸ ಸರ್ವರ್‌ನಲ್ಲಿ ಎನ್‌ಪಿಎಸ್ ಹಾಕಿ, ಅದೇ ರೀತಿ 'ಇಂಪೋರ್ಟ್' ಮಾಡಿ. ಅಲ್ಲಿ ಮೊದಲೇ ಏನಾದರೂ ಪಾಲಿಸಿ ಇದ್ದರೆ ಅಳಿಸಿಹೋಗುತ್ತದೆ, ಎಚ್ಚರ.
3. ಹೊಸ ಸರ್ವರನ್ನು ಆಕ್ಟಿವ್ ಡೈರೆಕ್ಟರಿಯಲ್ಲಿ ನೋಂದಾಯಿಸಿ.
4. ಆಕ್ಸೆಸ್ ಪಾಯಿಂಟ್, ಸ್ವಿಚ್‌ಗಳಲ್ಲಿ ರೇಡಿಯಸ್ ವಿಳಾಸ ಬದಲಿಸಿ.

ಹಳೆಯದು 2003 ಆಗಿದ್ದರೆ, 2008 ಆರ್2 ಡಿಸ್ಕಿನಲ್ಲಿರುವ 'ಐಎಎಸ್‌ಮಿಗ್‌ರೀಡರ್' ಉಪಕರಣದಿಂದ ಮೊದಲು ಫೈಲ್ ತೆಗೆಯಬೇಕು.

ಫೈಲಿನೊಂದಿಗೆ ಬಾರದವು:

ಸರ್ಟಿಫಿಕೇಟ್ ಬರುವುದಿಲ್ಲ. ಹೊಸ ಸರ್ವರ್‌ಗೆ ಬೇರೆ ಸರ್ಟಿಫಿಕೇಟ್ ಪಡೆದು, ಪ್ರತಿ ಪಾಲಿಸಿಯ ಪೀಪ್ ಅಥವಾ ಇಎಪಿ ಸೆಟ್ಟಿಂಗ್‌ನಲ್ಲಿ ಅದನ್ನೇ ಆರಿಸಬೇಕು. ಲ್ಯಾಪ್‌ಟಾಪ್‌ಗಳ ವೈಫೈ ಪ್ರೊಫೈಲಿನಲ್ಲಿ ಹಳೆ ಸರ್ವರ್‌ನ ಹೆಸರು ನಮೂದಾಗಿದ್ದರೆ ಅದನ್ನೂ ಬದಲಿಸಿ. ಎಸ್‌ಕ್ಯೂಎಲ್ ಲಾಗಿಂಗ್ ಸೆಟ್ಟಿಂಗ್ ಕೈಯಾರೆ ಹಾಕಬೇಕು. 'ನ್ಯಾಪ್' ಸೌಲಭ್ಯವನ್ನು 2016ರ ಆವೃತ್ತಿಯಲ್ಲಿ ತೆಗೆದುಹಾಕಿರುವುದರಿಂದ ಅದನ್ನು ಅವಲಂಬಿಸಿದ ಪಾಲಿಸಿಗಳನ್ನು ಹೊಸದಾಗಿ ಬರೆಯಬೇಕು.

ಎಲ್ಲ ಸರಿಯಿದ್ದೂ ಉತ್ತರ ಬಾರದಿದ್ದರೆ:

2019ರ ಆವೃತ್ತಿಯಲ್ಲಿ ಫೈರ್‌ವಾಲ್ ನಿಯಮ ಆನ್ ಎಂದು ತೋರಿಸಿದರೂ 1812, 1813 ಪೋರ್ಟುಗಳಿಗೆ ಬಂದ ಕೋರಿಕೆ ಒಳಗೆ ಹೋಗದಿರುವ ದೋಷವಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಎಸ್‌ಸಿ ಸಿಡ್‌ಟೈಪ್ ಐಎಎಸ್ ಅನ್‌ರಿಸ್ಟ್ರಿಕ್ಟೆಡ್' ಎಂಬ ಆದೇಶ ಕೊಟ್ಟು (ಇಂಗ್ಲಿಷ್ ಅಕ್ಷರಗಳಲ್ಲಿ) ಸರ್ವರ್ ರೀಸ್ಟಾರ್ಟ್ ಮಾಡಿ. ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ 6272 ಕಂಡರೆ ಪ್ರವೇಶ ಸಿಕ್ಕಿದೆ, 6273 ಕಂಡರೆ ನಿರಾಕರಣೆ. ಕಾರಣವೂ ಅಲ್ಲೇ ಬರೆದಿರುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಆ ಎಕ್ಸ್‌ಎಂಎಲ್ ಫೈಲಿನಲ್ಲಿ ಎಲ್ಲ ಉಪಕರಣಗಳ ಗುಪ್ತಪದಗಳು ಮುಚ್ಚುಮರೆಯಿಲ್ಲದೆ ಇರುತ್ತವೆ; ನೋಟ್‌ಪ್ಯಾಡಿನಲ್ಲಿ ತೆರೆದವರಿಗೆಲ್ಲ ಕಾಣುತ್ತವೆ. ಇಮೇಲ್, ವಾಟ್ಸಾಪ್‌ನಲ್ಲಿ ಕಳಿಸಬೇಡಿ. ಪೆನ್‌ಡ್ರೈವಿನಲ್ಲಿ ಒಯ್ದರೆ ಕೆಲಸ ಮುಗಿದ ಕೂಡಲೇ ಅಳಿಸಿ. ಬ್ಯಾಕಪ್ ಪ್ರತಿ ಬೇಕಿದ್ದರೆ ಪಾಸ್‌ವರ್ಡ್ ಹಾಕಿ ಭದ್ರವಾಗಿಡಿ. ಎಲ್ಲರ ಲಾಗಿನ್ ಸರಾಗವಾಗಿದೆ ಎಂದು ಖಾತ್ರಿಯಾಗುವವರೆಗೆ ಹಳೆ ಸರ್ವರನ್ನು ಕಳಚಬೇಡಿ.

ಈ ಕೆಲಸ ಮಾಡಿದ ಸದಸ್ಯರು ತಮ್ಮ ಅನುಭವ ಬರೆದು ಕಳಿಸಿದರೆ ಉಳಿದವರಿಗೂ ಅನುಕೂಲವಾಗುತ್ತದೆ.