ನೇಕಾರನ ಮನೆ

ರಾಮದುರ್ಗ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಆ ಪ್ರಾಂತದ ಗೃಹನಿರ್ಮಾಣ ಮಂಡಲಿಯ ಕಾಯಿದೆಯೂ ಹುಟ್ಟಿತು. 1952ರಲ್ಲಿ ಕೇಂದ್ರ ಸರಕಾರವು ಕೈಗಾರಿಕಾ ಕಾರ್ಮಿಕರ ವಸತಿಗಾಗಿ ಸಹಾಯಧನವನ್ನೂ ಸಾಲವನ್ನೂ ಗೊತ್ತುಮಾಡಿತು. ರಾಜ್ಯ ಸರಕಾರ, ಕಾರ್ಖಾನೆಯ ಮಾಲಿಕ, ಕಾರ್ಮಿಕರ ಸಹಕಾರಿ ಸಂಘ, ಈ ಮೂವರೂ ಅದನ್ನು ಪಡೆದು ಮನೆ ಕಟ್ಟಿಸಬಹುದಾಗಿದ್ದಿತು.

ಆದರೆ ಯೋಜನೆಯು ಮುಖ್ಯವಾಗಿ ಕಾರ್ಖಾನೆ ಕಾಯಿದೆಗೆ ಒಳಪಟ್ಟ ಕೆಲಸಗಾರರಿಗೇ ಮೀಸಲು. ಸುರೇಬಾನದಂಥ ಊರಿನ ಕೈಮಗ್ಗದ ನೇಕಾರನಿಗೆ ಮನೆಯೇ ಕಾರ್ಖಾನೆ. ಕುಣಿಮಗ್ಗದ ಮಗ್ಗುಲಲ್ಲಿಯೇ ಒಲೆ, ತೊಟ್ಟಿಲು. ನೂಲು ಕೊಡುವ ಸಾಹುಕಾರನಿದ್ದರೂ ಮನೆಯ ಹೊಣೆ ಹೊರುವ ಮಾಲಿಕನಿಲ್ಲ. ತ್ರಿಪಕ್ಷಗಳ ಸಹಕಾರವು ಅವನ ಹೊಸ್ತಿಲಾಚೆಯೇ ನಿಂತಿತು.

1975ರಲ್ಲಿ ರಾಜ್ಯದ ಕೈಮಗ್ಗ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. 1985ರ ಸುಮಾರಿಗೆ ಕೇಂದ್ರವು ಮಗ್ಗದ ಕೊಠಡಿಯುಳ್ಳ ಮನೆಗಳ ಯೋಜನೆಯನ್ನು ಹೂಡಿತು. ಮಗ್ಗಕ್ಕೆ ಎಡೆಯಿಲ್ಲದ ಮನೆಯು ನೇಕಾರನಿಗೆ ಮನೆಯಲ್ಲವೆಂಬ ಸತ್ಯಕ್ಕೆ ಆಗ ಮನ್ನಣೆ ದೊರೆಯಿತು.